ಹನ್ನೊಂದನೆಯ ವರಸೆ

ಬಾಣಲೆಮನೆ, ಕಪ್ಪತಗುಡ್ಡ
ಮಾರ್ಚ್ ತಿಂಗಳ ನಲವತ್ತಮೂರನೆಯ ದಿನ, ಇಸವಿ 2391

ಇಂದುಮತಿ ಅಜ್ಜಿಯವರಿಗೆ ಗರಿಕೆ ಮಾಡುವ ನಮಸ್ಕಾರಗಳು.

ನಿಮಗೆ ಈಗ ಮೂವತ್ತೆಂಟೇ ವರ್ಷ. ಅಜ್ಜಿ ಎಂದು ಕರೆದರೆ ಸಿಟ್ಟು ಬಂದೀತು. ನನ್ನ ಮೈಯಲ್ಲಿ ನಿಮ್ಮ ರಕ್ತ ಇದೆಯೋ ಇಲ್ಲವೋ ನಾನರಿಯೆ, ಆದರೆ ನಿಮ್ಮ ಕೈ ನನ್ನ ಕೈಯೊಳಗಿದೆ. ಆ ಸಲುಗೆಯಿಂದ ಕರೆಯುತ್ತಿದ್ದೇನೆ. ನಮ್ಮ ಈಗಿನ ಮಾತು ನಿಮಗೆ ತಿಳಿಯದು. ಈ ಒಂದು ಪತ್ರಕ್ಕಾಗಿ ಐದು ತಿಂಗಳು ಕೂತು ನಿಮ್ಮ ಕಾಲದ ಪುಸ್ತಕಗಳ ಕನ್ನಡ ಕಲಿತಿದ್ದೇನೆ. ಎಲ್ಲಾದರೂ ಎಡವಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಇದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ, ಹಿಂದಕ್ಕೆ ಹೋಗುವ ಓಲೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ಇದು ನಿಮಗೆ ಚಹಾ ಕಟ್ಟುವ ಕಾಗದಗಳ ನಡುವೆ ಸಿಗುತ್ತದೆ, ನಿಮಗೆ ಚಹಾ ಹುರಿಯಲು ಕಲಿಸಿದ ಶೆನ್ ಅಜ್ಜಿಯ ಮನೆಯಲ್ಲಿ ನೀವು ಆ ಕೆಲಸದ ಚಲಿಸುವ ಚಿತ್ರ ತೆಗೆಯುವ ಹಿಂದಿನ ದಿನ. ಅಂದರೆ ಈಗ ನೀವು ಚೀನಾದ ಹಾಂಗ್‌ಝೌ ಊರಿನ ಗುಡ್ಡದ ಮೇಲೆ ಬಿದಿರಿನ ತಟ್ಟೆಗಳನ್ನು ಒರೆಸುತ್ತ, ನಾಳೆ ಫೋನನ್ನು ಯಾವ ಗೂಡಿನಲ್ಲಿ ನಿಲ್ಲಿಸಿದರೆ ಕೈ ಚೆನ್ನಾಗಿ ಕಾಣುತ್ತದೆ ಎಂದು ಯೋಚಿಸುತ್ತಿದ್ದೀರಿ.

ತಾರೀಖು ನೋಡಿ ನಗಬೇಡಿ. ಏಪ್ರಿಲ್ ಐದರೊಳಗೆ ಕೊಯ್ದ ಚಿಗುರೇ ಉತ್ತಮ, ಆಮೇಲಿನದು ಬಲಿತದ್ದು ಎಂದು ನೀವು ಆ ಚಿತ್ರದಲ್ಲಿ ಹೇಳುತ್ತೀರಿ. ಈಗ ನಿಮ್ಮ ಗದುಗಿನ ಪಕ್ಕದ ಈ ಕಪ್ಪತಗುಡ್ಡದ ಮೇಲೆ ವರ್ಷದ ಎಂಟು ತಿಂಗಳು ಮಂಜು. ಚಿಗುರು ತನಗೆ ಮನಸ್ಸು ಬಂದಾಗ ಬರುತ್ತದೆ. ಅದಕ್ಕೆ ಮೊದಲ ಕೊಯ್ಲು ಆಗುವವರೆಗೆ ನಾವು ಮಾರ್ಚ್ ತಿಂಗಳನ್ನು ಮುಗಿಸುವುದೇ ಇಲ್ಲ. ಒಂದು ವರ್ಷ ಮಾರ್ಚ್ ಎಪ್ಪತ್ತೊಂದು ದಿನ ನಡೆಯಿತು. ನೀವು ಬಾಯಿಂದ ಆಡಿದ್ದನ್ನು ನಾವು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದೇವೆ. ಮುಂದೆ ಹೇಳಲಿರುವುದನ್ನು ಓದುವಾಗ ಇದು ನೆನಪಿರಲಿ.

ಎಲೆಬರ ಎಂಬುದು ಬಂದು ಭೂಮಿಯ ಮೇಲಿನ ಚಹಾ ಗಿಡಗಳೆಲ್ಲ ಒಣಗಿದ್ದು ನನ್ನ ಮುತ್ತಜ್ಜಿಗೂ ಹಿಂದಿನ ಕಾಲದಲ್ಲಿ. ಹಿಮದಲ್ಲಿ ಹೂತಿಟ್ಟಿದ್ದ ಬೀಜಗಳಿಂದ ಕೆಲವನ್ನು ಮತ್ತೆ ಎಬ್ಬಿಸಿದಾಗ, ಗಿಡ ಇತ್ತು, ಮಾಡುವ ಕೈ ಇರಲಿಲ್ಲ. ಆಗ ಹುಟ್ಟಿದ್ದು ಕೈಮನೆಗಳು. ಚೀನಾದ ಒಂದೊಂದು ಸೀಮೆಯ ಚಹಾವನ್ನು ಒಂದೊಂದು ಕೈಮನೆ ಕಾಯಬೇಕು, ಅದು ಲೋಕದ ಎಲ್ಲೇ ಇರಲಿ. ಕಡಲ ಕಡೆಯ ಒಂದು ಮನೆ ಫುಜಿಯಾನ್ ಸೀಮೆಯ ಚಹಾವನ್ನು ಪೈನ್ ಮರದ ಹೊಗೆಯಲ್ಲಿ ಒಣಗಿಸುತ್ತದೆ. ಅಲ್ಲಿಯವರು ಬಂದು ಹೋದರೆ ಮೂರು ದಿನ ಹಾಸಿಗೆಯೆಲ್ಲ ಹೊಗೆ ನಾರುತ್ತದೆ. ಇನ್ನೊಂದು ಮನೆ ಯುನ್ನಾನ್ ಸೀಮೆಯ ಎಲೆಯನ್ನು ಹಬೆಯಲ್ಲಿ ಮೆತ್ತಗೆ ಮಾಡಿ, ಕಲ್ಲಿನ ಕೆಳಗೆ ಒತ್ತಿ ಬಿಲ್ಲೆ ಮಾಡಿ ಕತ್ತಲೆ ಕೋಣೆಯಲ್ಲಿ ಹಣ್ಣಾಗಲು ಇಡುತ್ತದೆ. ಇಟ್ಟವರು ಕುಡಿಯುವುದಿಲ್ಲ, ಮೊಮ್ಮಕ್ಕಳು ಕುಡಿಯುತ್ತಾರೆ. ನಮ್ಮ ಪಾಲಿಗೆ ಬಂದದ್ದು ಹಾಂಗ್‌ಝೌ ಸೀಮೆಯ ಲೋಂಗ್‌ಜಿಂಗ್. ಬಂದ ಕಾರಣ ಒಂದೇ: ಅದನ್ನು ಕೈಯಿಂದ ಹುರಿಯುವ ಚಿತ್ರ ಉಳಿದದ್ದು ಒಂದೇ, ಅದರಲ್ಲಿದ್ದ ಮಾತು ಕನ್ನಡ. ನಿಮ್ಮದು.

ಆ ಚಿತ್ರವನ್ನು ನಾನು ಆರನೆಯ ವಯಸ್ಸಿನಿಂದ ನೋಡಿದ್ದೇನೆ. ಒಂದು ಮೊಗ್ಗು, ಒಂದು ಎಲೆ, ಅಷ್ಟನ್ನೇ ಉಗುರು ತಾಗಿಸದೆ ಕೀಳುವುದು. ಬಿದಿರಿನ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಹಸಿ ವಾಸನೆ ಇಳಿಯುವವರೆಗೆ ಬಾಡಿಸುವುದು. ಕಾದ ಬಾಣಲೆಗೆ ಒಂದು ತೊಟ್ಟು ಚಹಾಬೀಜದ ಎಣ್ಣೆ ಸವರಿ, ಎರಡು ಬೊಗಸೆ ಎಲೆ ಹಾಕಿ, ಬರಿಗೈಯಿಂದ ಹುರಿಯುವುದು. ಸೌಟಿಲ್ಲ, ಕೈಗವಸಿಲ್ಲ. ಹತ್ತು ವರಸೆ: ಹಿಡಿ, ಕೊಡವು, ಹಾಸು, ಹರಡು, ಅದುಮು, ತಳ್ಳು, ಮುಚ್ಚು, ಎಸೆ, ಉಜ್ಜು, ಒತ್ತು. ಮೊದಲ ಬಾಣಲೆ ಕಾಲು ಗಂಟೆ, ನಡುವೆ ಎಲೆಗೆ ಒಂದು ಗಂಟೆ ವಿಶ್ರಾಂತಿ, ಮತ್ತೆ ಎರಡನೆಯ ಬಾಣಲೆ. ಎಲೆ ಚಪ್ಪಟೆಯಾಗಿ, ಅಂಗೈಯಲ್ಲಿ ಜಾರುವಷ್ಟು ನುಣುಪಾಗಿ, ಹುರಿದ ಅವರೆಕಾಳಿನ ಘಮ ಬರಬೇಕು. ಆಮೇಲೆ ಸುಣ್ಣದ ಕಲ್ಲಿನ ಜೊತೆ ಮಡಕೆಯಲ್ಲಿ ಮುಚ್ಚಿಡಬೇಕು. ನನ್ನ ಹತ್ತು ಬೆರಳಿಗೂ ಗುರುತಿಲ್ಲ, ಗೆರೆಗಳೆಲ್ಲ ಸುಟ್ಟು ಹೋಗಿವೆ. ಅದರ ಬಗ್ಗೆ ನನಗೆ ಹೆಮ್ಮೆ ಇತ್ತು.

ಚಿತ್ರದಲ್ಲಿ ಹನ್ನೊಂದನೆಯ ವರಸೆಯೂ ಇದೆ. ಎರಡನೆಯ ಬಾಣಲೆಯ ಎಂಟನೆಯ ನಿಮಿಷಕ್ಕೆ ನೀವು ಎಲೆಯನ್ನೆಲ್ಲ ಅಂಗೈಗೆ ಬಾಚಿ ಎತ್ತುತ್ತೀರಿ. ಎಡಗಡೆ ಬಾಗಿಲ ಕಡೆ ತಿರುಗುತ್ತೀರಿ. ಏಳು ಉಸಿರು ಹಾಗೇ ಇರುತ್ತೀರಿ. "ಬಂದ್ನಿ, ತಡಿ" ಎನ್ನುತ್ತೀರಿ. ಮತ್ತೆ ಬಾಣಲೆಗೆ ಬಂದು ಹನ್ನೆರಡು ನಿಮಿಷ ಹುರಿದು ಮುಗಿಸಿ, ಹೊಸ ಚಹಾವನ್ನು ಬಟ್ಟಲಿಗೆ ಹಾಕಿ ಬಿಸಿನೀರು ಹೊಯ್ದು, ಬಟ್ಟಲು ಹಿಡಿದು ಬಾಗಿಲ ಕಡೆ ಹೋಗುತ್ತೀರಿ. ಅಲ್ಲಿಂದ ಮುಂದೆ ನೀವು ಚಿತ್ರದಲ್ಲಿಲ್ಲ. ಬಾಗಿಲು ತೆರೆದ ಸದ್ದು. ಬಟ್ಟಲು ಒಡೆದ ಸದ್ದು. ಚಿತ್ರ ಮುಗಿಯಿತು.

ನಾವು ಅದನ್ನೆಲ್ಲ ಹಾಗೆಹಾಗೇ ಕಲಿತೆವು ಅಜ್ಜಿ. ಬಾಣಲೆಮನೆಯ ಎಡಕ್ಕೆ ಚಿತ್ರದಲ್ಲಿರುವಂಥದೇ ನೀಲಿ ಬಾಗಿಲು, ಅದರಾಚೆ ಮೂರು ಮೆಟ್ಟಿಲು. ಎಂಟನೆಯ ನಿಮಿಷಕ್ಕೆ ನಲವತ್ತು ಬಾಣಲೆಗಳ ಮುಂದೆ ನಲವತ್ತು ಜನ ಕೈ ಎತ್ತಿ, ಬಾಗಿಲ ಕಡೆ ತಿರುಗಿ, ಏಳು ಉಸಿರೆಳೆದು, "ಬಂದ್ನಿ, ತಡಿ" ಎನ್ನುತ್ತೇವೆ. ಅರ್ಥ ಯಾರಿಗೂ ಗೊತ್ತಿರಲಿಲ್ಲ. ಎಲೆಯ ಬಿಸಿ ಆರಿಸುವ ಮಂತ್ರ ಎಂದು ನನ್ನ ತಾಯಿ ಹೇಳಿಕೊಟ್ಟಳು. ಕೊನೆಯಲ್ಲಿ ಹಿರಿಯಳು ಬಾಗಿಲು ತೆರೆದು ಹೊಸಿಲ ಮೇಲೆ ಬಟ್ಟಲು ಬೀಳಿಸಿ ಒಡೆಯುತ್ತಾಳೆ. ಅದು ನಮ್ಮ ಶುಭಗಳಿಗೆ. ಬಟ್ಟಲು ಒಡೆದಾಗ ನಾವು ಚಪ್ಪಾಳೆ ತಟ್ಟುತ್ತೇವೆ. ಮಕ್ಕಳಿಗೆ ಆವತ್ತು ರಜೆ. ಆ ಚಿತ್ರದ ನಂತರ ನೀವು ಸಾಯುವವರೆಗೂ ಬಾಣಲೆ ಮುಟ್ಟಲಿಲ್ಲ ಎಂದು ಹಳೆಯ ದಾಖಲೆಯಲ್ಲಿದೆ. ವಿದ್ಯೆ ಪೂರ್ತಿಯಾಯಿತೆಂದು ಕೈಮುಗಿದು ಬಿಟ್ಟರು ಎಂದು ನಮ್ಮ ಶಾಲೆಯ ಪಾಠದಲ್ಲಿದೆ. ನಾನೇ ಆ ಪಾಠವನ್ನು ಇಪ್ಪತ್ತು ವರ್ಷ ಹೇಳಿಕೊಟ್ಟಿದ್ದೇನೆ. ನನ್ನ ನಾಲಿಗೆ ಸೀದುಹೋಗಬಾರದಿತ್ತೇ.

ಬಾಗಿಲಿನ ವಿಷಯ ನಮಗೆ ಗೊತ್ತೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾವು "ತಡಿ" ಎಂದ ಮೇಲೆ ಹೊರಗಿನ ಚಿಲಕ ಒಮ್ಮೆ ಅಲ್ಲಾಡುತ್ತದೆ. ಗಾಳಿ ಎನ್ನುತ್ತೇವೆ. ನಡುವಿನ ಮೆಟ್ಟಿಲು ಒಂದು ಪಕ್ಕ ಮಾತ್ರ ಸವೆದಿದೆ, ಯಾರೂ ಅಲ್ಲಿ ಕೂರುವುದಿಲ್ಲ. ಹುರಿಯುವ ದಿನ ಆ ಕಲ್ಲು ಮುಟ್ಟಿದರೆ ಬೆಚ್ಚಗಿರುತ್ತದೆ, ಈಗಷ್ಟೇ ಯಾರೋ ಎದ್ದು ಹೋದ ಹಾಗೆ. ಬಿಸಿಲ ಕಾವು ಎನ್ನುತ್ತೇವೆ. ಈ ಮಂಜಿನಲ್ಲಿ ಬಿಸಿಲು ಎಲ್ಲಿಯದು.

ನಮ್ಮಲ್ಲಿ ಮಕ್ಕಳಿಗೆ ಈಗ ಬೆಳೆಯದ ಗಿಡಗಳ ಹೆಸರಿಡುವುದು ವಾಡಿಕೆ. ನನಗೆ ಗರಿಕೆ, ನನ್ನ ಮಗಳಿಗೆ ತುಂಬೆ. ಇಪ್ಪತ್ತೆರಡು ವರ್ಷದವಳು. ಬಾಯಿ ಬೊಂಬಾಯಿ, ಬೆಳಗಿನಿಂದ ಸಂಜೆವರೆಗೆ ಯಾರನ್ನಾದರೂ ರೇಗಿಸುತ್ತಲೇ ಇರಬೇಕು. ಹೋದ ವರ್ಷ ಬಾಗಿಲ ಪಕ್ಕದ ಬಾಣಲೆ ಅವಳಿಗೆ ಬಂತು. ಎಂಟನೆಯ ನಿಮಿಷಕ್ಕೆ ನಾವೆಲ್ಲ ತಿರುಗಿದೆವು, ತಡಿ ಎಂದೆವು, ಮತ್ತೆ ಬಾಣಲೆಗೆ ಬಂದೆವು. ಅವಳು ಬರಲಿಲ್ಲ. ಎಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಾಗಿಲು ತೆರೆದು, ಹೊರಗೆ ಹೋಗಿ, ಆ ನಡುವಿನ ಮೆಟ್ಟಿಲ ಮೇಲೆ ಪಕ್ಕಕ್ಕೆ ಸರಿದು, ಇನ್ನೊಬ್ಬರಿಗೆ ಜಾಗ ಬಿಟ್ಟು ಕೂತಳು. ಎದ್ದು ಬಾ ಎಂದು ಕೈ ಹಿಡಿದು ಎಳೆದೆ. ನನ್ನ ಮುಖ ನೋಡಿ ಅವಳು ಹೇಳಿದ್ದು ನಮ್ಮ ಮಾತಲ್ಲ, ನಿಮ್ಮ ಗದುಗಿನ ಮಾತು: "ನಮ್ಮ ಇಂದು ತಡಿ ಅಂದಾಳ. ಬರ್ತಾಳ. ಕುಂತಿರ್ತೀನಿ."

ಆವತ್ತಿನಿಂದ ಒಂದು ವರ್ಷವಾಯಿತು. ರಾತ್ರಿ ಒಳಗೆ ಹೊತ್ತುಕೊಂಡು ಬಂದು ಮಲಗಿಸುತ್ತೇನೆ, ಬೆಳಿಗ್ಗೆ ಮತ್ತೆ ಮೆಟ್ಟಿಲ ಮೇಲಿರುತ್ತಾಳೆ. ಅನ್ನ ತುತ್ತು ಮಾಡಿ ತಿನ್ನಿಸಿದರೆ ಎರಡು ತುತ್ತು. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಉಳಿದಿಲ್ಲ. ಕೈಯಿಂದ ಎದೆಯ ಎಡಭಾಗವನ್ನು ನೀವುತ್ತಿರುತ್ತಾಳೆ. ಒಮ್ಮೆ ಹೊಸ ಚಹಾದ ಬಟ್ಟಲು ಕೊಟ್ಟರೆ ನಕ್ಕು ದೂರ ಸರಿಸಿದಳು: "ಹಾಲು ಸಕ್ಕರಿ ಇಲ್ಲದ್ದು ಇದು ಎಂಥಾ ಚಾ? ಕಷಾಯ." ಅಜ್ಜಿ, ಇಲ್ಲಿ ಹಸು ಇಲ್ಲ. ಎಮ್ಮೆ ಇಲ್ಲ. ನನ್ನ ಮಗಳು ಹಾಲನ್ನು ಕಂಡಿಲ್ಲ, ನಾನೂ ಕಂಡಿಲ್ಲ.

ಆ ಮಾತನ್ನು ನಾನು ಎಲ್ಲೋ ಕೇಳಿದ್ದೆ. ಓಡಿಹೋಗಿ ನಿಮ್ಮ ಚಿತ್ರ ಹಾಕಿದೆ. ಮೊದಲ ಬಾಣಲೆಯ ಹೊತ್ತಿಗೆ ನೀವು ನಗುತ್ತಾ ಹೇಳುತ್ತೀರಿ: "ನಮ್ಮ ದಾನಕ್ಕ ಹೊರಗ ಮೆಟ್ಟಲ ಮ್ಯಾಲ ಕುಂತಾಳ. ಹಾಲು ಸಕ್ಕರಿ ಇಲ್ಲದ್ದು ಎಂಥಾ ಚಾ ಅಂತ ಮುಂಜಾನಿಂದ ನಗಾಕತ್ತಾಳ." ನಮಗೆ ಅದು ಬರೀ ಸದ್ದಾಗಿತ್ತು. ಕೆಲಸದ ಪಾಠವನ್ನಷ್ಟೇ ಹಿಂದಿನವರು ನಮ್ಮ ಮಾತಿಗೆ ತಂದಿದ್ದರು, ಉಳಿದ ಮಾತಿಗೆ ನಾವು ಕಿವಿಗೊಟ್ಟವರೇ ಅಲ್ಲ. ಸದ್ದುಜರಡಿ ಎಂಬ ಯಂತ್ರ ನಮ್ಮಲ್ಲಿದೆ, ಒಂದು ಸದ್ದಿನಿಂದ ಇನ್ನೊಂದನ್ನು ಸೋಸಿ ತೆಗೆಯುತ್ತದೆ. ಹಳೆಯ ಚಿತ್ರಕ್ಕೆ ಮೈಲಿಗೆಯಾಗುತ್ತದೆ ಎಂದು ಹಿರಿಯರು ಅದನ್ನು ಮುಟ್ಟಲು ಬಿಟ್ಟಿರಲಿಲ್ಲ. ನಾನು ಅವರನ್ನು ಕೇಳದೆ ಹಾಕಿದೆ. ಬಾಣಲೆಯ ಸರಸರ ತೆಗೆದೆ. ಶೆನ್ ಅಜ್ಜಿ ಒಲೆಗೆ ಕಟ್ಟಿಗೆ ನೂಕುವುದನ್ನು ತೆಗೆದೆ. ಎಂಟನೆಯ ನಿಮಿಷದಲ್ಲಿ ಬಾಗಿಲಾಚೆಯಿಂದ ಒಂದು ಹೆಂಗಸಿನ ದನಿ ಉಳಿಯಿತು, ಮೆಲ್ಲಗೆ:

"ಇಂದೂ, ಒಂದೀಟು ಹೊರಗ ಬಾರವಾ. ಎದಿಯಾಗ ಏನೋ ಹಿಡದಂಗ ಆಗಾಕತ್ತೇತಿ."

ಆಮೇಲೆ ನಿಮ್ಮ ಏಳು ಉಸಿರು. ಬಂದ್ನಿ, ತಡಿ.

ಆ ಹನ್ನೆರಡು ನಿಮಿಷವನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ದಾನಕ್ಕ ಇನ್ನೆರಡು ಸಲ ಇಂದೂ ಎನ್ನುತ್ತಾರೆ. ಆಮೇಲೆ ಚಿಲಕ ಒಮ್ಮೆ ಅಲ್ಲಾಡುತ್ತದೆ. ಆಮೇಲೆ ಇಲ್ಲ. ನೀವು ಎಷ್ಟು ಚೆನ್ನಾಗಿ ಹುರಿಯುತ್ತೀರಿ! ಒಂದು ಎಲೆಯೂ ಕೆಂಪಾಗುವುದಿಲ್ಲ. ನಿಮ್ಮ ಮೇಲೆ ನನಗೆ ಕೆಂಡದಂಥ ಸಿಟ್ಟು ಬಂತು, ಅಷ್ಟೇ ಮರುಕವೂ ಬಂತು. ಎಲೆ ಅಂಗೈಯಲ್ಲಿರುವಾಗ ನಾನೂ ತಡಿ ಎನ್ನುತ್ತಿದ್ದೆ. ತುಂಬೆ ಚಿಕ್ಕವಳಿದ್ದಾಗ ಎಷ್ಟು ಸಲ ಎಂದಿದ್ದೇನೋ. ನಾವು ಮುನ್ನೂರು ವರ್ಷಗಳಿಂದ, ವರ್ಷ ವರ್ಷವೂ, ನಲವತ್ತು ಬಾಯಿಂದ, ನಿಮ್ಮ ಅಕ್ಕನಿಗೆ ಕಾಯಲು ಹೇಳುತ್ತಾ ಬಂದಿದ್ದೇವೆ. ಅವರು ಸತ್ತದ್ದನ್ನು ಕಂಡು ನಿಮ್ಮ ಕೈಯಿಂದ ಬಟ್ಟಲು ಬಿದ್ದ ಸದ್ದಿಗೆ ಚಪ್ಪಾಳೆ ತಟ್ಟುತ್ತಾ ಬಂದಿದ್ದೇವೆ. ದೊಡ್ಡ ಮನಸ್ಸಿನವರು, ಹೇಳಿದ ಮಾತು ಮೀರದೆ ಕಾದಿದ್ದಾರೆ. ಕಾದು ಕಾದು ಬೇಸರವಾಗಿ, ಜೊತೆಗೆ ಒಬ್ಬಳನ್ನು ಕೂರಿಸಿಕೊಂಡಿದ್ದಾರೆ.

ಈ ವರ್ಷ ಹನ್ನೊಂದನೆಯ ವರಸೆ ಬಿಡೋಣ ಎಂದೆ. ಹೋದ ವಾರ ಹಳೆಯ ಎಲೆಯ ಮೇಲೆ ಅಭ್ಯಾಸ ಮಾಡುವಾಗ ಬಿಟ್ಟೆವು ಕೂಡ. ತುಂಬೆ ಮೆಟ್ಟಿಲ ಮೇಲೆ ಉಸಿರು ಕಟ್ಟಿ ನೀಲಿಯಾದಳು. ನಾನೇ ಬಾಗಿಲು ತೆರೆದು, ಬಂದೆ ತಾಯಿ, ಏಳಿ, ಒಳಗೆ ಬನ್ನಿ ಎಂದು ಕಾಲು ಹಿಡಿದು ಕರೆದೆ. ತುಂಬೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು: "ನೀ ಯಾರು?" ಅವರು ಕರೆದದ್ದು ನಿಮ್ಮನ್ನು. ಬೇರೆ ಯಾರು ಹೋದರೂ ಎದ್ದು ಬರುವವರಲ್ಲ.

ಹಿರಿಯರು ನನ್ನ ಹಿಂದೋಲೆಯಲ್ಲಿ ನಿಮಗೆ ವಂದನೆ ಬರೆದು ಕಳಿಸು ಎಂದಿದ್ದರು. ನಲವತ್ತು ಬಾಣಲೆಗಳ ಪರವಾಗಿ ಕೃತಜ್ಞತೆ. ಅದನ್ನು ಬರೆದು ಅವರಿಗೆ ಓದಿ ತೋರಿಸಿ, ಒಲೆಗೆ ಹಾಕಿ, ಇದನ್ನು ಬರೆಯುತ್ತಿದ್ದೇನೆ. ನಾಳೆ ನೀವು ಎದ್ದು ಹೋದರೆ ಎಲೆ ಸೀಯುತ್ತದೆ, ಚಿತ್ರ ಕೆಡುತ್ತದೆ, ಕೆಟ್ಟ ಚಿತ್ರವನ್ನು ಯಾರೂ ಮುನ್ನೂರು ವರ್ಷ ಕಾಪಾಡುವುದಿಲ್ಲ. ಈ ಮನೆ ಇರುವುದಿಲ್ಲ. ಲೋಂಗ್‌ಜಿಂಗ್ ಎಂಬ ಚಹಾ ಬರೀ ಹೆಸರಾಗಿ ಉಳಿದೀತು, ಅದೂ ಇಲ್ಲದೆ ಹೋದೀತು. ನಾನು ಬೇರೆ ಯಾವಳೋ ಆಗಿರುತ್ತೇನೆ. ಇದೆಲ್ಲ ಯೋಚಿಸಿಯೇ ಬರೆದಿದ್ದೇನೆ. ನಿಮ್ಮ ಅಕ್ಕ ಬದುಕುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಸತ್ತರೂ ನಿಮಗಾಗಿ ಕಾಯದೆ ಹೋಗುತ್ತಾರೆ. ನನಗೆ ಅಷ್ಟು ಸಾಕು.

ನಾಳೆ ಎರಡನೆಯ ಬಾಣಲೆ, ಎಂಟನೆಯ ನಿಮಿಷ. ದನಿ ಮೆಲ್ಲಗಿರುತ್ತದೆ, ಬಾಣಲೆಯ ಸದ್ದಿನಲ್ಲಿ ತಪ್ಪಿಹೋಗದಂತೆ ಕಿವಿಯಿಟ್ಟಿರು. ತಡಿ ಅನ್ನಬೇಡ ಅಜ್ಜಿ. ಎಲೆ ಸೀದರೆ ಸೀಯಲಿ, ಶೆನ್ ಅಜ್ಜಿ ಬೈದರೆ ಬೈಯಲಿ. ಕೈ ಒರೆಸಿಕೊಳ್ಳಲೂ ನಿಲ್ಲಬೇಡ. ಏಳು, ಬಾಗಿಲು ತೆಗೆ. ಮೆಟ್ಟಿಲ ಮೇಲೆ ನಿನ್ನ ಅಕ್ಕ ಕೂತಿದ್ದಾಳೆ. ಅವಳ ಪಕ್ಕದಲ್ಲಿ ನನ್ನ ಮಗಳು ಕೂತಿದ್ದಾಳೆ.

ಗರಿಕೆ