ನಿಮ್ಮ ನಂಬರಿಗೆ ಬರುವ ಕರೆಗಳು

ದೇವಸಮುದ್ರ
ಭಾನುವಾರ, 23 ನವೆಂಬರ್ 2025

ತೇಜಶ್ರೀಯ ಅಪ್ಪನಿಗೆ ವನಜಾಕ್ಷಿ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ನಿದ್ದೆ ಬರುತ್ತಿದೆಯೇ? ಚಳ್ಳಕೆರೆಯ ಆ ಕೇಂದ್ರದಲ್ಲಿ ಊಟಕ್ಕೆ ಮುದ್ದೆ ಕೊಡುತ್ತಾರೋ, ಬರೀ ಅನ್ನದಲ್ಲೇ ಮುಗಿಸುತ್ತಾರೋ? ಕುಡಿತ ಬಿಡಿಸುವವರು ಫೋನನ್ನೂ ಬಿಡಿಸಿ ಮನೆಗೆ ಕಳಿಸಿದ್ದರಿಂದ ಕಾಗದ ಬರೆಯದೆ ಬೇರೆ ದಾರಿಯಿಲ್ಲ. ಮದುವೆಯಾದ ಮೇಲೆ ನಿಮಗೆ ಬರೆಯುತ್ತಿರುವ ಮೊದಲ ಕಾಗದ, ಓದಿ ನಗಬೇಡಿ. ನಾವು ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಲು ಕೂತೆ. ಚೆನ್ನಾಗಿಲ್ಲ.

ನಿಮ್ಮ ಮಗಳ ವಿಷಯ. ಎದುರು ಮನೆಯ ಗೋವರ್ಧನ, ಅದೇ, ಮುರಿದ ಕೈಕಾಲಿಗೆ ಕಟ್ಟು ಹಾಕುವ ಬೊಮ್ಮಣ್ಣ ತಾತನ ಮೊಮ್ಮಗ, ಅವಳ ಜೊತೆ ಹತ್ತನೇ ತರಗತಿ ಓದುವವನು, ಒಂದು ಕಾಮಿಕ್ಸ್ ಬರೆದಿದ್ದಾನೆ. ಪೇಟೆಯಲ್ಲಿ ಸಿಗುವುದರಲ್ಲಿ ಶೂರ ಪುಟದ ತುಂಬ ಹಾರುತ್ತಿರುತ್ತಾನೆ, ಅವನ ಜೊತೆಗಾರ ಹುಡುಗ ಮೂಲೆಯಲ್ಲಿ ಹಗ್ಗ ಹಿಡಿದು ನಿಂತಿರುತ್ತಾನಂತೆ. ಇವನ ಕಥೆಯಲ್ಲಿ ಶೂರರೆಲ್ಲ ಕಟ್ಟೆ ಮೇಲೆ ಕೂತುಬಿಟ್ಟಿದ್ದಾರೆ. ಒಬ್ಬರು ಹಾವು ಹಿಡಿಯುವ ನೀವು, ಇನ್ನೊಬ್ಬ ಕಂಬದಿಂದ ಬಿದ್ದು ಕಾಲು ಮುರಿದುಕೊಂಡ ಲೈನ್‌ಮನ್ ಚಿಕ್ಕೀರಪ್ಪ, ಮತ್ತೊಬ್ಬರು ಕಣ್ಣು ಮಂಜಾದ ಬೊಮ್ಮಣ್ಣ ತಾತ. ಅವರ ಬಂಟರಾದ ನಮ್ಮ ತೇಜು, ಚಿಕ್ಕೀರಪ್ಪನ ಮಗ ಅಂಜನ್ ಮತ್ತು ಈ ಗೋವರ್ಧನ ಸೇರಿ ಪಡೆ ಕಟ್ಟಿಕೊಂಡು ಊರು ಕಾಯುತ್ತಾರೆ. ಬೆನ್ನ ಹಿಂದೆ ಕರಿ ಕಂಬಳಿ ಹಾರುತ್ತದೆ. ನಮ್ಮ ಬಿಸಿಲಲ್ಲಿ ಕಂಬಳಿ ಹೊದ್ದು ಯಾವ ಶೂರ ಬದುಕುತ್ತಾನೋ ಕಾಣೆ, ಆದರೂ ಬಿದ್ದು ಬಿದ್ದು ನಕ್ಕೆ.

ಒಂದು ಕಡೆ ನಗು ನಿಂತಿತು. ಚಿತ್ರದಲ್ಲಿ ನಿಮ್ಮ ಬಲಗೈ ಏನನ್ನೋ ಹಿಡಿದ ಹಾಗಿದೆ, ಆದರೆ ಕೈಯಲ್ಲಿ ಏನೂ ಇಲ್ಲ, ರಬ್ಬರಿನಿಂದ ಉಜ್ಜಿದ ಕಲೆ ಮಾತ್ರ. ಗೋವರ್ಧನನನ್ನು ಕೇಳಿದರೆ, ತೇಜು ಅಳಿಸಲು ಹೇಳಿದಳು ಎಂದ. ನೀವು ಹಾವು ಹಿಡಿದ ಮನೆಯವರೆಲ್ಲ ಸಂತೋಷಕ್ಕೆಂದು ನಿಮ್ಮ ಕೈಗೆ ಬಾಟಲಿ ಇಡುತ್ತಿದ್ದಾಗ, ಚೀಲ ಹೊತ್ತು ಹಿಂದೆ ನಿಂತು ನೋಡುತ್ತಿದ್ದವಳು ಅವಳೇ ಅಲ್ಲವೇ? ನಿಮ್ಮನ್ನು ಚುಚ್ಚಲು ಇದನ್ನು ಬರೆಯುತ್ತಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಈ ಕಾಗದ ಬೇಕಿರಲಿಲ್ಲ. ಆ ಪುಣ್ಯಾತ್ಮ ಕೊನೆಯ ಪುಟದಲ್ಲಿ ‘ಹಾವು ಬಂದರೆ ಬಂಟರನ್ನು ಕರೆಯಿರಿ’ ಎಂದು ಬರೆದು ಕೆಳಗೆ ನಿಮ್ಮ ನಂಬರ್ ಹಾಕಿದ್ದಾನೆ. ಸುಳ್ಳು ನಂಬರ್ ಹಾಕಲು ಮನಸ್ಸು ಬರಲಿಲ್ಲವಂತೆ. ಶಾಲೆಯಲ್ಲಿ ಎಲ್ಲರೂ ಮೆಚ್ಚಿ ಜೆರಾಕ್ಸ್ ಮಾಡಿಸಿಕೊಂಡರು, ಯಾರೋ ಫೋಟೊ ತೆಗೆದು ವಾಟ್ಸಾಪಿಗೆ ಬಿಟ್ಟರು. ಶೇಂಗಾ ಕಿತ್ತು ಬಣವೆ ಹಾಕಿರುವ ಕಾಲ, ಇಲಿಯ ಹಿಂದೆ ಹಾವು ಬರುತ್ತದೆ. ನಿಮ್ಮ ಫೋನು ತೇಜು ಕೈಯಲ್ಲಿ. ಮೊಳಕಾಲ್ಮೂರಿನಿಂದಲೂ ಕರೆ ಬರುತ್ತಿದೆ.

ನಾನು ಸುಮ್ಮನಿದ್ದೆ ಅಂದುಕೊಳ್ಳಬೇಡಿ. ಬೈದೆ, ಫೋನು ಕಿತ್ತುಕೊಂಡು ಅಕ್ಕಿ ಡಬ್ಬದಲ್ಲಿಟ್ಟೆ. ಅಲ್ಲೂ ಬಡಿದುಕೊಂಡಿತು. ಮೊನ್ನೆ ಸಂಜೆ ತೇಜು ಅದನ್ನು ತೆಗೆದು ಮಾತಾಡಿ ನನ್ನ ಕೈಗೇ ಕೊಟ್ಟಳು. “ಅವ್ವಾ, ತೊಟ್ಟಿಲ ಕೆಳಗೇ ಹಾವು ಸುತ್ಕೊಂಡು ಕುಂತೈತಂತೆ, ಕೂಸನ್ನ ಎತ್ತಾಕಾಗ್ತಿಲ್ವಂತೆ. ನಾನು ಬರಲ್ಲ ಅಂತ ನೀನೇ ಹೇಳು.” ಹಾಗೆ ಹೇಳಲೆಂದೇ ಕಿವಿಗಿಟ್ಟುಕೊಂಡೆ. ಆ ಕಡೆ ಹೆಂಗಸು ಅಳುತ್ತಿದ್ದಳು, ಹಿಂದೆ ಮಗುವಿನ ದನಿಯೂ ಕೇಳಿತು. “ಬರ್ತಾಳೆ ತಾಯಿ, ಹೊರಟವ್ಳೆ” ಎಂದೆ. ನನ್ನ ಬಾಯಿಂದಲೇ ಬಂತು ನೋಡಿ. ಅವಳೂ ಅಂಜನ್ನೂ ಹೋಗಿ, ಆ ನಾಗರಹಾವನ್ನು ಹಿಡಿದು ಗುಡ್ಡಕ್ಕೆ ಬಿಟ್ಟು ಬರುವವರೆಗೆ ಹೊಸಿಲ ಮೇಲೆ ಕೂತೇ ಇದ್ದೆ. ಅಲ್ಲಿಯೂ ಅಪ್ಪನಿಗೆ ಕೊಡು ಎಂದು ಬಾಟಲಿ ಹಿಡಿದು ಬಂದರಂತೆ, ಮುಟ್ಟದೆ ಬಂದಿದ್ದಾಳೆ.

ಸಿಮ್ ತೆಗೆದು ಬಿಸಾಡೋಣವೆಂದರೆ ನಿಮ್ಮ ಕೇಂದ್ರದವರೂ ಕರೆಯುವುದು ಅದೇ ನಂಬರಿಗೆ. ನೀವು ಬಂದು ಒಂದು ಮಾತು ಹೇಳಿದರೆ ಅವಳು ಕೇಳುತ್ತಾಳೆ. ಆದರೆ ಬನ್ನಿ ಎಂದು ಹೇಗೆ ಬರೆಯಲಿ? ಅರ್ಧಕ್ಕೇ ಬಂದರೆ ಮತ್ತೆ ಅದೇ ಮನೆಗಳು, ಅದೇ ಬಾಟಲಿ. ಬರಬೇಡಿ ಎಂದರೆ ಇಲ್ಲಿ ಮಗಳ ಜೀವ. ಪೂರ್ತಿ ವಾಸಿಯಾಗುವ ತನಕ ಅಲ್ಲೇ ಇರಿ. ಬರೆಯುವಾಗ ಅಳು ಬರುತ್ತಿದೆ, ಆದರೂ ಅಲ್ಲೇ ಇರಿ.

ಬೊಮ್ಮಣ್ಣ ತಾತ ನಿಮ್ಮನ್ನು ಕೇಳಿದರು. ಹೊತ್ತಿಗೆ ಸರಿಯಾಗಿ ಉಣ್ಣಿ, ಮಾತ್ರೆ ತಪ್ಪಿಸಬೇಡಿ. ನಾವು ನಂಬಿದ ದೇವರು ನಿಮ್ಮನ್ನು ಕಾಯಲಿ.

ನಿಮ್ಮ
ವನಜಾಕ್ಷಿ

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ಫೋನು ಬಂತು. ಪಾಪಕ್ಕನ ಈರುಳ್ಳಿ ಶೆಡ್ಡಿನ ಬಾಗಿಲಲ್ಲೇ ಹಾವು, ಕೂಲಿ ಹೆಂಗಸರು ಒಳಗೆ ಸಿಕ್ಕಿಕೊಂಡಿದ್ದಾರೆ. ಅಂಜನ್ ಊರಲ್ಲಿಲ್ಲ. ಗೋವರ್ಧನನನ್ನು ಅವನ ತಾಯಿ ಒಳಗೆ ಕೂಡಿ ಚಿಲಕ ಹಾಕಿದ್ದಾಳೆ, ಅಷ್ಟು ಗಟ್ಟಿ ಮನಸ್ಸು ನನಗಿಲ್ಲ. ಇವಳು ಒಬ್ಬಳೇ ಹೊರಟು ನಿಂತಿದ್ದಾಳೆ. ಚೀಲ ಹಿಡಿಯಲು ನಾನೇ ಹೋಗುತ್ತಿದ್ದೇನೆ. “ನೀನು ನನ್ನ ಹಿಂದೆ ನಿಂತ್ಕ ಅವ್ವಾ, ಕೈ ಒಂದು ಅಲ್ಲಾಡಬಾರ್ದು” ಅನ್ನುತ್ತಾಳೆ. ಈ ಸಾಲುಗಳು ಓದಲು ಆಗದಿದ್ದರೆ ಬೈಯಬೇಡಿ, ಕೈ ಈಗಲೇ ನಡುಗುತ್ತಿದೆ.