ಮೇ ತಿಂಗಳ ಪಾದೆ

ಸರ್,

‘ಪೂಜ್ಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಕಾಗದ ಹಾಳು ಮಾಡಿದಳು ಎಂದು ಗೊಣಗುವುದಿದ್ದರೆ ಗೊಣಗಿ. ನೀವು ಹೋಗಿ ಎಂಟು ತಿಂಗಳಾಯಿತು. ಇಷ್ಟು ದಿನ ಸತ್ತವರ ಮೇಲೆ ಸಿಟ್ಟು ಮಾಡಲು ನಾಚಿಕೆಯಾಗುತ್ತಿತ್ತು. ಈಗ ಅದೂ ಮುಗಿದಿದೆ.

ಕಾರ್ಕಳದ ಆಚೆ, ಊರವರು ಪಾದೆ ಎಂದು ಕರೆಯುವ ಆ ಮುರಕಲ್ಲಿನ, ಜಂಬಿಟ್ಟಿಗೆ ಕಲ್ಲಿನ ಬಯಲಿಗೆ ನಮ್ಮನ್ನು ಮೊದಲು ಕರೆದುಕೊಂಡು ಹೋದ ಜುಲೈ ನೆನಪಿದೆಯೇ? ನಾವು ಬಿಎಸ್ಸಿ ಮಕ್ಕಳು, ನೀವು ನಮಗೆ ಸಸ್ಯಶಾಸ್ತ್ರದ ಮೇಷ್ಟ್ರು. ಕೊಡೆ ಮಡಚಿಟ್ಟು ಆ ನೀರಿನಲ್ಲೇ ಮೊಣಕಾಲೂರಿ ಕೂತಿರಿ. “ಚಪ್ಪಲಿ ತೆಗೆಯಿರಿ ಮಾರಾಯ್ರೆ, ತುಳಿಯುವುದು ಎಂತದರ ಮೇಲೆ ಅಂತ ಗೊತ್ತುಂಟಾ?” ಎಂದು ಗದರಿಸಿದಿರಿ. ಬಗ್ಗಿ ನೋಡಿದರೆ ಹುಳ ಹಿಡಿದು ತಿನ್ನುವ ಗಿಡಗಳು, ಕಾಳುಮೆಣಸಿನಷ್ಟು ನೀಲಿ ಹೂಗಳು, ಹೊಂಡ ಹೊಂಡದಲ್ಲಿ ಕಪ್ಪೆಮರಿ. ಈ ಕಲ್ಲು ಕುಡಿದ ನೀರೇ ಕೆಳಗಿನ ಬಾವಿಗಳಿಗೆ ಹೋಗುವುದು ಎಂದೂ ನೀವೇ ಹೇಳಿಕೊಟ್ಟಿರಿ. ಆ ದಿನ ನಾನು ನಿಮ್ಮ ಶಿಷ್ಯೆಯಾದೆ.

ನಿವೃತ್ತರಾದ ಮೇಲೆ ನೀವು ಮಣಿಪಾಲದಲ್ಲಿ ಆಫೀಸು ತೆರೆದು, ಸರಕಾರಿ ಯೋಜನೆಗಳಿಂದ ಪರಿಸರಕ್ಕೆ ಏನಾಗುತ್ತದೆ ಎಂಬ ವರದಿ ಬರೆಯುವ ಕೆಲಸಕ್ಕೆ ನನ್ನನ್ನು ಕರೆದಾಗ ಕಟಪಾಡಿಯಿಂದ ಬಸ್ಸಿನಲ್ಲಿ ನಿಂತೇ ಬಂದರೂ ಕಾಲು ನೋಯಲಿಲ್ಲ. ನೋವು ಆಮೇಲೆ ಶುರುವಾಯಿತು. ಕಾಪುವಿನ ಕಡಲ ರಸ್ತೆಗೆ ಬರೆದ ಪುಟಗಳನ್ನೇ ಹೆಬ್ರಿಯ ರಸ್ತೆಗೂ ಅಂಟಿಸಿದೆವು. ಹೆಬ್ರಿಯ ಕಾಡಿನಲ್ಲಿ ಸಮುದ್ರದ ಏಡಿ ಇದೆ ಎಂದು ನಾನು ತಪ್ಪಿ ಹಾಗೇ ಬಿಟ್ಟಿದ್ದೆ. ಯಾರೂ ಓದಲಿಲ್ಲ ಎಂದು ಗೊತ್ತಾದಾಗ ನೀವು ಹೊಟ್ಟೆ ಹಿಡಿದು ನಕ್ಕಿರಿ. ನಾನೂ ನಕ್ಕೆನಲ್ಲ, ಥೂ.

ಪಾದೆಯ ಮೇಲೆ ಕೈಗಾರಿಕಾ ಪ್ರದೇಶ ಬರುತ್ತದೆ, ವರದಿ ನಮ್ಮದೇ ಎಂದ ದಿನ ನೀವು ಕ್ಯಾಲೆಂಡರ್ ತಿರುವಿ ಮೇ ತಿಂಗಳಿಗೆ ಬೆರಳಿಟ್ಟಿರಿ. “ಜುಲೈಗೆ ಹೋಗುವಾ ಸರ್” ಎಂದೆ. “ಎಂತಕ್ಕೆ? ಒಂದು ಋತು ನೋಡಿದರೆ ಸಾಕು ಅಂತ ನಿಯಮದಲ್ಲೇ ಉಂಟು, ಮಳೆಗಾಲವೇ ಆಗಬೇಕು ಅಂತ ಇಲ್ಲ. ಕಣ್ಣಿಗೆ ಕಂಡದ್ದನ್ನು ಬರಿ ಸುಜಾತಾ” ಎಂದಿರಿ. ಹೋದೆ. ಬಿಸಿಲಿಗೆ ಕಪ್ಪಾದ ಕಲ್ಲು, ಸುಟ್ಟ ಹುಲ್ಲು. ‘ಗಮನಾರ್ಹ ಸಸ್ಯಗಳಿಲ್ಲದ ಬರಡು ನೆಲ’ ಎಂದು ಬರೆದು ಸಹಿ ಹಾಕಿದೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ, ನೋಡಿ. ನಿಮಗೆ ಗೊತ್ತಿಲ್ಲದೆ ಆಗಿದ್ದರೆ ಹೇಗಾದರೂ ಕ್ಷಮಿಸುತ್ತಿದ್ದೆ. ಆದರೆ ನಮಗೆ ಆ ಜಾಗ ತೋರಿಸಿದವರೇ ನೀವು...

ಉಡುಪಿಯ ನಿಮ್ಮ ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ‘ಪ್ರಕೃತಿಯ ಮಗ’ ಎಂದರು. ಕೊನೆಯ ಸಾಲಿನಲ್ಲಿ ಕೂತು ಅತ್ತೆ. ನಿಮಗಾಗಿ ಅತ್ತೆನೋ, ನನಗಾಗಿಯೋ? ಈಗಲೂ ತಿಳಿಯದು.

ಕಳೆದ ವಾರ ಪಾದೆಯ ಊರಿನ ಶಾಲೆಯಲ್ಲಿ ಸಾರ್ವಜನಿಕರ ಅಹವಾಲು ಕೇಳುವ ಸಭೆ. ನೀವಿಲ್ಲದ್ದರಿಂದ ವರದಿ ಓದುವ ಪಾಲು ನನ್ನದಾಯಿತು. ಓದಿ ಮುಗಿಸಿದ ಮೇಲೆ ಪಾದೆಯ ಬುಡದಲ್ಲಿ ಮನೆಯಿರುವ, ದನ ಮೇಯಿಸಲು ಅಲ್ಲಿಗೇ ಹೋಗುವ ಅಪ್ಪಿ ಅಕ್ಕ ಎಂಬವರು ಎದ್ದು ನಿಂತರು. ಮೈಕು ಬಾಯಿಗೆ ಸರಿಯಾಗಿ ಹಿಡಿಯಲೂ ಅವರಿಗೆ ಬರಲಿಲ್ಲ.

“ಮೇಡಮ್, ನೀವು ಪಾದೆಯನ್ನು ಮಳೆಗಾಲದಲ್ಲಿ ನೋಡಿದ್ದುಂಟಾ? ಉಂಟು, ಇಲ್ಲ, ಎರಡರಲ್ಲಿ ಒಂದು ಹೇಳಿ. ನನ್ನ ಬಾವಿ ಉಂಟು ಅಲ್ಲಿ.”

‘ಸಮೀಕ್ಷೆಯ ಅವಧಿಯಲ್ಲಿ ಇಲ್ಲ’ ಎಂಬ ಉತ್ತರ ನೀವು ಕಲಿಸಿದ್ದೇ. ನಾಲಿಗೆಯ ತುದಿಗೆ ಬಂದಿತ್ತು. ನಾನು “ಉಂಟು” ಎಂದೆ. ಕಾಲೇಜಿನಲ್ಲಿದ್ದಾಗ ನೋಡಿದ್ದೇನೆ, ನಮ್ಮ ಸರ್ ತೋರಿಸಿದ್ದು, ಈ ವರದಿ ಮಾಡಿಸಿದವರೂ ಅವರೇ, ಅವರಿಗೂ ಗೊತ್ತಿತ್ತು ನನಗೂ ಗೊತ್ತಿತ್ತು ಎಂದು ನಿಮ್ಮ ಹೆಸರು ಹಿಡಿದು ಎಲ್ಲರೆದುರು ಹೇಳಿದೆ. ಕ್ಯಾಮೆರಾ ಓಡುತ್ತಿತ್ತು. ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಮರುದಿನವೇ ನಿಮ್ಮ ಆಫೀಸನ್ನು ಈಗ ನಡೆಸುವವರು ಬೀಗದ ಕೈ ವಾಪಸು ಕೇಳಿದರು. ಸಂಜೆ ನಿಮ್ಮ ಮನೆಯಿಂದ ನಿಮ್ಮ ಹೆಂಡತಿ, ನಾನು ಅಮ್ಮ ಎಂದೇ ಕರೆಯುವವರು, ಅಳುತ್ತಾ ಫೋನು ಮಾಡಿದರು. “ಅವರು ಇಲ್ಲದ ಹೊತ್ತಿನಲ್ಲಿ ಅವರ ಮರ್ಯಾದೆ ತೆಗೆದೆಯಲ್ಲ ಸುಜಾತಾ, ನಿನ್ನನ್ನು ಮಗಳ ಹಾಗೆ ನೋಡಿದ್ದಲ್ವಾ?” ಹೌದು, ಹಾಗೇ ನೋಡಿದ್ದಿರಿ. ಆ ಹೆಂಗಸಿನ ಅಳುವಿಗೆ ನಾನೊಬ್ಬಳೇ ಕಾರಣವೇ? ಅದನ್ನೂ ನನ್ನ ತಲೆಗೇ ಕಟ್ಟಿ ಹೋದಿರಲ್ಲ ಸರ್.

ನಿಮಗೆ ಗೊತ್ತಿಲ್ಲದ ಸುದ್ದಿ ಒಂದಿದೆ. ಮಳೆಗಾಲದ ಸಮೀಕ್ಷೆ ಆಗುವವರೆಗೆ ತೀರ್ಮಾನ ಬೇಡ ಎಂದು ಅಧಿಕಾರಿಗಳು ಸಭೆ ಮುಂದೂಡಿದ್ದಾರೆ. ಪಾದೆ ಉಳಿದೇ ಬಿಡುತ್ತದೆ ಎಂದು ನಾನು ನಂಬಿಲ್ಲ. ಊರವರು ಪಾದೆಯ ಗಿಡಗಳ ತಮ್ಮದೇ ಪಟ್ಟಿ ಮಾಡಿ ಕೊಡುತ್ತಾರಂತೆ, ಬರೆಯಲು ನನ್ನನ್ನು ಕರೆದಿದ್ದಾರೆ. ನಿನ್ನೆ ಮೊದಲ ಪುಟ ತಯಾರು ಮಾಡುವಾಗ ‘ಮಾರ್ಗದರ್ಶನ’ ಎಂಬ ಸಾಲಿನಲ್ಲಿ ಯಾರ ಹೆಸರು ಹಾಕುವುದು ಎಂದು ಕೇಳಿದರು. ಅಭ್ಯಾಸಬಲದಿಂದ ನಿಮ್ಮ ಹೆಸರಿನ ಮೊದಲ ಅಕ್ಷರ ಬರೆದೇಬಿಟ್ಟೆ. ಹೊಡೆದುಹಾಕಲಿಲ್ಲ, ಹಾಳೆಯನ್ನೇ ಹರಿದೆ. ಹೊಸ ಹಾಳೆಯಲ್ಲಿ ಅಪ್ಪಿ ಅಕ್ಕನ ಹೆಸರು ಬರೆದೆ.

ಸುಜಾತಾ