ದೇವರಿಳಿದ ಅರಳಿಮರ

೧೪ ಜೂನ್ ೧೯೫೮, ಶನಿವಾರ

ಕೆಸರೆಯ ಅರಳಿಮರವನ್ನು ಸೌದೆಗೆ ಮಾರಿಬಿಟ್ಟರು. ಇದು ಅನ್ಯಾಯ. ಬೇವಿನ ಜೊತೆ ಅದಕ್ಕೆ ಮದುವೆ ಮಾಡಿಸಿದ ಪುರೋಹಿತರೇ ಇವತ್ತು ಮಂತ್ರ ಹೇಳಿ ದೇವರನ್ನು ಕಲಶಕ್ಕೆ ಇಳಿಸಿದರು. ದಕ್ಷಿಣೆ ಕೊಟ್ಟವನು ಸೌದೆ ಸಾಹುಕಾರ. "ಇನ್ನು ಇದು ಬರೀ ಕಟ್ಟಿಗೆ ಕಣ್ರೀ, ಕಡಿದ್ರೆ ದೋಷವಿಲ್ಲ" ಎಂದರು ಪುರೋಹಿತರು. ದಿನವೂ ಸುತ್ತು ಬರುತ್ತಿದ್ದವರೆಲ್ಲ ಕೈಮುಗಿದು ಮನೆಗೆ ಹೋದರು.

ದೇವರಿಲ್ಲವೆಂದು ಕರಪತ್ರ ಹಂಚಿದ ನಾನೊಬ್ಬನೇ ಮರಕ್ಕಾಗಿ ಕೂಗಾಡಿದೆ. ಜೊತೆಗೆ ಕರಪತ್ರ ಹಂಚಿದ್ದ ಚೆಲುವರಾಜು ನಕ್ಕ: "ಏನೋ, ಯಾವಾಗಿಂದ ಭಕ್ತನಾದೆ? ವಿಭೂತಿ ತರ್ಸ್ಲಾ?" ಅವನೂ ಹೊರಟುಹೋದ. ಆಮೇಲೆ ಯಾರೊಡನೆಯೂ ಮಾತಾಡಿಲ್ಲ.

ಇಲ್ಲ, ಒಬ್ಬರೊಡನೆ ಆಡಿದೆ. ಕಟ್ಟೆಯ ಪಕ್ಕ ಕಡಲೆಕಾಯಿ ಮಾರುವ ಕೆಂಚಮ್ಮ, ಕಡಿಯುವುದು ಯಾವತ್ತೆಂದು ಕೇಳಿದರು. ಸೋಮವಾರ ಎಂದೆ.

"ದೇವ್ರು ಹೋದ್ರೆ ಹೋಗ್ಲಿ ಬುಡು ಮಗ. ಮರ ಇಲ್ಲೇ ಐತಲ್ಲ. ನಾನಂತೂ ಬಂದು ಕೂತ್ಕತೀನಿ."

ಸೋಮವಾರ, ಬೆಳಿಗ್ಗೆ ಆರು ಗಂಟೆಗೆ, ಕಟ್ಟೆಯ ಮೇಲೆ, ನಾನೂ.